ಉಪಕಾರವನ್ನು ಅರಿಯುವ ವಿದ್ಯೆ

ಉಪಾಧ್ಯಾಯರಿಗೂ ತಂದೆತಾಯಿಗಳಿಗೂ ಒಂದು ಪಾಠ

ಹುಡುಗರಿಗೆ ಓದು, ಬರಹ, ಲೆಕ್ಕ ಇವುಗಳನ್ನು ಕಲಿಸತಕ್ಕದ್ದೆಂದು ನಮ್ಮಲ್ಲಿ ಎಲ್ಲರೂ ಒಪ್ಪುತ್ತಾರೆ. ಆದರೆ ಹೊಂದಿದ ಉಪಕಾರವನ್ನು ನೆನೆಯುವದನ್ನೂ ಕೈಗೆ ಬಂದ ಒಳ್ಳೇದನ್ನು ಸವಿಯುವದನ್ನೂ ಕಲಿಸಬೇಕೆಂದು ಹೇಳಿದರೆ, “ಅದು ಹುಟ್ಟುಗುಣವಲ್ಲವೋ? ಅದನ್ನು ಕಲಿಸುವದು ಹ್ಯಾಗೆ?” ಎಂದು ಹಲವರು ಕೇಳುವರು. ಬೇರೆ ಕೆಲವರು, “ಈ ಕಾಲದ ಮಕ್ಕಳಿಗೆ ಎಷ್ಟು ಕೊಟ್ಟರೂ ಸಾಲದು, ಮಾಡಿದ್ದನ್ನು ನೆನೆಯುವವರೇ ಇಲ್ಲ” ಎಂದು ಗೊಣಗುತ್ತಾರೆ. ಆದರೆ ನೆನೆಯುವದನ್ನು ಕಲಿಸಲಿಕ್ಕೆ ಅವರು ಒಂದು ದಿನವಾದರೂ ಕೈಹಾಕಿದವರಲ್ಲ. ಬಿತ್ತನೆ ಮಾಡದ ಗದ್ದೆಯ ಬದುವಿನ ಮೇಲೆ ನಿಂತು, ತೆನೆ ಕಾಣಲಿಲ್ಲವೆಂದು ದುಃಖಿಸುವ ಬೇಸಾಯಗಾರನಿಗೂ ಇಂಥವರಿಗೂ ಭೇದವೇನು?

ಆದದರಿಂದ ಈ ಪಾಠದಲ್ಲಿ ಮೂರು ಸಂಗತಿಗಳನ್ನು ವಿಚಾರಿಸೋಣ. ಕೃತಜ್ಞತೆ ಎಂದರೇನು? ಅದನ್ನು ಮನೆಯಲ್ಲಿಯೂ ಶಾಲೆಯಲ್ಲಿಯೂ ಕಲಿಸುವ ಕ್ರಮವೇನು? ಕಲಿಸುವಾಗ ಯಾವ ತಪ್ಪಿಗೆ ಎಚ್ಚರವಾಗಿರಬೇಕು? ಈ ಮೂರರಲ್ಲಿ ಕಡೆಯದು ಕೊಡಗಿನ ತೋಟಗಳಲ್ಲಿ ಕೂಲಿಮಾಡಿ ಬದುಕುವ ಮನೆಗಳವರಿಗೆ ಬಹು ಮುಖ್ಯವಾದದ್ದು.

1. ಮಾತಿನ ಅರ್ಥ

ಕೃತ ಅಂದರೆ ಮಾಡಲ್ಪಟ್ಟದ್ದು. ಜ್ಞ ಅಂದರೆ ಅರಿತವನು. ತನಗೋಸ್ಕರ ಮಾಡಲ್ಪಟ್ಟದ್ದನ್ನು ಅರಿತವನೇ ಕೃತಜ್ಞನು. ಅದನ್ನು ಕೆಡಿಸಿ ಇಲ್ಲದಂತೆ ಮಾಡುವವನಿಗೆ ಕೃತಘ್ನನೆಂದು ಹೆಸರು. ಈ ಮಾತಿನಲ್ಲಿ ಬಗ್ಗುವದು, ಕೈಮುಗಿಯುವದು, ಹೊಗಳುವದು ಎಂಬ ಅರ್ಥ ಯಾವದೂ ಇಲ್ಲ. ಅರಿವು ಎಂಬ ಅರ್ಥ ಒಂದೇ ಇದೆ. ಅರಿವು ಕಲಿಕೆಯಿಂದ ಬರುವಂಥದು. ಮಗ್ಗಿಯನ್ನು ಕಲಿತ ಹಾಗೆ ಹುಡುಗನು ಇದನ್ನೂ ಕಲಿಯಬಲ್ಲನು.

ನಮ್ಮ ಹಳ್ಳಿಯ ಮನೆಗಳಲ್ಲಿ “ಧನ್ಯವಾದ” ಎಂಬ ಮಾತು ಬಾಯಲ್ಲಿ ಬರುವದು ಅಪರೂಪ. ಗಂಜಿ ಬಡಿಸಿದ ತಾಯಿಗೆ ಮಗನು ಹಾಗೆಂದರೆ, ಇವನಿಗೆ ಏನಾಯಿತೆಂದು ಅವಳು ಅವನ ಮುಖವನ್ನೇ ನೋಡುವಳು. ಆದರೆ ಅವನು ಉಂಡ ತಟ್ಟೆಯನ್ನು ತಾನೇ ತೊಳೆದಿಟ್ಟು, ಯಾರೂ ಹೇಳದೆ ಒಂದು ಕೊಡ ನೀರು ತಂದರೆ ಅವಳಿಗೆ ಎಲ್ಲಾ ತಿಳಿಯುತ್ತದೆ. ಆದದರಿಂದ ಮಕ್ಕಳ ಬಾಯಿಯ ಮಾತುಗಳನ್ನು ಎಣಿಸಿ ಅವರ ಕೃತಜ್ಞತೆಯನ್ನು ಅಳೆಯಬಾರದು. ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಸ್ಪತ್ರೆಯಲ್ಲಿ ಹೊರಗಿನವರಿಗೆ “ಉಪಕಾರವಾಯಿತು” ಎಂದು ಹೇಳುವ ಮರ್ಯಾದೆಯನ್ನು ಕಲಿಸುವದು ಒಳ್ಳೇದೇ. ಆದರೆ ಅರಿವಿಲ್ಲದೆ ಆಡಿದ ಮಾತು ಕಾಳಿಲ್ಲದ ಜೊಳ್ಳಿನ ಹಾಗೆ.

2. ನಾವು ಮರೆಯುವದು ಯಾಕೆ?

ಮರೆವಿಗೆ ಮೂರು ಕಾರಣಗಳುಂಟು.

ಮೊದಲನೆಯದು: ನೋವಿಗೆ ದೊಡ್ಡ ಕೂಗು, ಸುಖಕ್ಕೆ ಸಣ್ಣ ಕೂಗು. ಮೂವತ್ತೆರಡು ಹಲ್ಲುಗಳಲ್ಲಿ ಒಂದು ನೋಯುತ್ತಿದ್ದರೆ ನಾಲಿಗೆಯು ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತದೆ. ನೋಯದ ಮೂವತ್ತೊಂದನ್ನು ಕೇಳುವವರಿಲ್ಲ. 2001ರಲ್ಲಿ ಅಮೇರಿಕದ ಮನಶ್ಶಾಸ್ತ್ರ ಪಂಡಿತರಾದ ರಾಯ್ ಬೌಮೈಸ್ಟರ್ ಎಂಬವರೂ ಅವರ ಜೊತೆಗಾರರೂ ಅನೇಕ ಪರಿಶೋಧನೆಗಳನ್ನು ಒಟ್ಟಿಗೆ ತೂಗಿನೋಡಿ, ಕೆಟ್ಟದ್ದು ಒಳ್ಳೇದಕ್ಕಿಂತ ಬಲವಾಗಿ ಮನಸ್ಸಿನಲ್ಲಿ ನಾಟುವದೆಂದು ತೋರಿಸಿದರು. ಇದು ನಮ್ಮ ಪ್ರಾಣರಕ್ಷಣೆಗೆ ಬೇಕಾದದ್ದೇ. ಕಾಡಾನೆ ಇಳಿಯುವ ದಾರಿಯನ್ನು ಮರೆತವನು ಬದುಕಿ ಬರಲಾರನು. ಹೂಬಿಟ್ಟ ದಾರಿಯನ್ನು ಮರೆತರೆ ಪ್ರಾಣಕ್ಕೆ ಅಪಾಯವಿಲ್ಲ. ಆದರೆ ಪ್ರಾಣ ಉಳಿದರೆ ಸಾಕೋ? ಉಳಿದ ಪ್ರಾಣಕ್ಕೆ ಸಂತೋಷವೂ ಬೇಕಷ್ಟೆ.

ಎರಡನೆಯದು: ದಿನಾಲು ಕಾಣುವದನ್ನು ಕಣ್ಣು ಬಿಟ್ಟುಬಿಡುತ್ತದೆ. ಫೆಬ್ರವರಿಯಿಂದ ಏಪ್ರಿಲಿನೊಳಗೆ ಕಾಫಿತೋಟಕ್ಕೆ ಹೂಮಳೆ ಬೀಳುತ್ತದೆ. ಬಿದ್ದ ಎಂಟು ಹತ್ತು ದಿನಗಳಲ್ಲಿ ಗಿಡಗಳೆಲ್ಲಾ ಬೆಳ್ಳಗಾಗಿ, ಮಲ್ಲಿಗೆಯಂಥಾ ಪರಿಮಳವು ಲೈನ್ ಮನೆಗಳ ಒಳಗೂ ತುಂಬುತ್ತದೆ. ಕೆಲವೇ ದಿನಗಳಲ್ಲಿ ಹೂಗಳು ಕಂದಿಹೋಗುವವು. ದೂರದ ಪಟ್ಟಣಗಳವರು ಈ ನೋಟವನ್ನು ಕಂಡರೆ ವಾಹನವನ್ನು ನಿಲ್ಲಿಸಿ ಇಳಿದು ನಿಲ್ಲುತ್ತಾರೆ. ನಮ್ಮ ಹುಡುಗನಾದರೋ ಆ ಹೂಗಳ ನಡುವೆಯೇ ಶಾಲೆಗೆ ಹೋಗಿಬಂದರೂ ತಲೆಯೆತ್ತಿ ನೋಡುವದಿಲ್ಲ.

ಮೂರನೆಯದು: ಅನೇಕರ ಕೈ ದಾಟಿ ಬಂದ ಉಪಕಾರವು ಉಪಕಾರವೆಂದು ತೋರುವದಿಲ್ಲ. ಬೆಂಗಳೂರಿನ ಮನೆಗಳಿಗೆ ಬರುವ ಕಾವೇರಿಯ ನೀರು ಸುಮಾರು 100 ಕಿಲೊಮೀಟರ್ ದೂರದಿಂದ ಯಂತ್ರಗಳ ಬಲದಿಂದ ಮೇಲಕ್ಕೆ ಏರಿ ಬರುವಂಥದು. ನಲ್ಲಿಯನ್ನು ತಿರುಗಿಸುವವನಿಗೆ ತಲಕಾವೇರಿಯ ಮಳೆಯೂ ಯಂತ್ರದ ಬಳಿಯಲ್ಲಿ ರಾತ್ರಿಯೆಲ್ಲಾ ಎಚ್ಚರವಿರುವ ಕೆಲಸದವನೂ ನೆನಪಿಗೆ ಬರುವದುಂಟೋ? ಅವನನ್ನು ದೂರುವದು ಸುಲಭ. ಆದರೆ ನಮ್ಮ ಚಹಕ್ಕೆ ಸಕ್ಕರೆ ಹಾಕುವಾಗ ಮಂಡ್ಯದ ಬಿಸಿಲಿನಲ್ಲಿ ಕಬ್ಬು ಕಡಿದವನನ್ನು ನಾವೂ ನೆನೆಯುವದಿಲ್ಲ.

ಹೀಗಿರುವದರಿಂದ ಮರೆಯುವ ಹುಡುಗನನ್ನು ದುಷ್ಟನೆಂದು ಬೈಯುವದು ತಕ್ಕದ್ದಲ್ಲ. ಮರೆವು ಎಲ್ಲರಲ್ಲಿಯೂ ತಾನಾಗಿ ಬೆಳೆಯುವ ಕಳೆ. ನೆನಪಾದರೋ ಬಿತ್ತಿ ಬೆಳೆಸಬೇಕಾದ ಪೈರು.

3. ನಮ್ಮ ಸೀಮೆಯ ವರುಷವು ಕಲಿಸುವ ಕ್ರಮ

ಈ ವ್ಯವಸಾಯದ ಕ್ರಮವನ್ನು ಕಲಿಯಲಿಕ್ಕೆ ನಾವು ದೂರ ಹೋಗಬೇಕಾಗಿಲ್ಲ. ಕಕ್ಕಡ ತಿಂಗಳ 18ನೇ ದಿನದಲ್ಲಿ, ಅಂದರೆ ಆಗಸ್ಟ್ 3ರ ಸುಮಾರಿಗೆ, ನಮ್ಮ ಕೊಡವ ನೆರೆಯವರು ಮದ್ದುಸೊಪ್ಪನ್ನು ಕಾಡಿನಿಂದ ತಂದು ಬೇಯಿಸಿ, ಅದರ ನೇರಳೆ ಬಣ್ಣದ ನೀರಿನಲ್ಲಿ ಅಕ್ಕಿಯ ಪಾಯಸವನ್ನೋ ಪುಟ್ಟನ್ನೋ ಮಾಡಿ ಜೇನಿನೊಂದಿಗೆ ಉಣ್ಣುತ್ತಾರೆ. ಬಿಡದೆ ಮಳೆ ಸುರಿಯುವ ಆ ತಿಂಗಳಿನಲ್ಲಿ ಮಕ್ಕಳು ಆ ಒಂದು ದಿನಕ್ಕಾಗಿ ಕಾದಿರುತ್ತಾರೆ. ನಾಟಿ ಮುಗಿದ ಮೇಲೆ ಸೆಪ್ಟೆಂಬರದ ಆರಂಭದಲ್ಲಿ ಕೈಲ್ ಪೊಳ್ದು ಬರುತ್ತದೆ. ಆಗ ದುಡಿಮೆಯ ಸಲಕರಣೆಗಳನ್ನೂ ಕೋವಿಗಳನ್ನೂ ತೊಳೆದು ಒರಸಿ ಹೂವಿನಿಂದ ಅಲಂಕರಿಸುತ್ತಾರೆ. ನವೆಂಬರ್ ಇಲ್ಲವೆ ಡಿಸೆಂಬರಿನಲ್ಲಿ ಹುತ್ತರಿ. ಕುಟುಂಬದವರೆಲ್ಲಾ ಐನ್ ಮನೆಯಲ್ಲಿ ಕೂಡಿ, ರಾತ್ರಿಯಲ್ಲಿ ದೀಪ ಹಿಡಿದು ಗದ್ದೆಗೆ ಹೋಗಿ, ಹೊಸ ಕದಿರನ್ನು ಕೊಯ್ದು ತಂದು, ಮನೆಯ ಕಂಬಕ್ಕೂ ಬಾಗಿಲಿಗೂ ಕಟ್ಟಿ, ಹೊಸ ಅಕ್ಕಿಯ ಪಾಯಸವನ್ನು ಒಟ್ಟಾಗಿ ಉಣ್ಣುವರು. ನಮ್ಮ ಸಭೆಗಳಲ್ಲಿ ಸುಗ್ಗಿಯ ಸ್ತೋತ್ರಾರಾಧನೆಯ ದಿನ ಭತ್ತ, ಬಾಳೆಗೊನೆ, ಕುಂಬಳಕಾಯಿ, ಕೋಳಿ ಮುಂತಾದವುಗಳನ್ನು ತಂದು ಮುಂದೆ ಇಡುವದೂ, ಆಮೇಲೆ ಅವುಗಳನ್ನು ಏಲಮಾಡುವದೂ ವಾಚಕರಿಗೆ ತಿಳಿದದ್ದೇ.

ಈ ದಿನಗಳ ಮತವಿಚಾರವು ಬೇರೆ ಬೇರೆಯಾಗಿದೆ. ಆದರೆ ಕಲಿಸುವ ಕ್ರಮವನ್ನು ನೋಡಿದರೆ ನಾಲ್ಕರಲ್ಲಿಯೂ ಮೂರು ಸಂಗತಿಗಳು ಒಂದೇ. ಮನಸ್ಸು ಬಂದಾಗ ನೋಡೋಣವೆಂದು ಬಿಡದೆ ದಿನವನ್ನು ಗೊತ್ತುಮಾಡಿರುತ್ತಾರೆ. ಬರೀ ಮಾತಿನಲ್ಲಿ ನಿಲ್ಲಿಸದೆ ಕೈಯಲ್ಲಿ ಹಿಡಿಯುವ ವಸ್ತುವೊಂದು ಇರುತ್ತದೆ: ಸೊಪ್ಪು, ಸಲಕರಣೆ, ಕದಿರು, ಬಾಳೆಗೊನೆ. ಮತ್ತು ಒಬ್ಬೊಬ್ಬರಾಗಿ ಅಲ್ಲ, ಹಿರಿಯರೂ ಕಿರಿಯರೂ ಒಟ್ಟಾಗಿ ಮಾಡುತ್ತಾರೆ. ಗೊತ್ತಾದ ವೇಳೆ, ಕಣ್ಣಿಗೆ ಕಾಣುವ ವಸ್ತು, ಜೊತೆಯ ಜನ: ಈ ಮೂರನ್ನು ಉಪಾಧ್ಯಾಯನು ಮರೆಯದಿದ್ದರೆ ಅರ್ಧ ಕೆಲಸ ಆಯಿತು.

ಇನ್ನೊಂದು ಬೇಕು: ನೋಡುವ ಕಣ್ಣುಳ್ಳ ಉಪಾಧ್ಯಾಯ. ಪಂಜೆ ಮಂಗೇಶರಾಯರ (1874–1937) ಹೆಸರನ್ನು ಕನ್ನಡ ಕಲಿತ ಮಕ್ಕಳೆಲ್ಲರೂ ಕೇಳಿದ್ದಾರೆ. ಬಂಟವಾಳದಲ್ಲಿ ಹುಟ್ಟಿದ ಅವರು ಮಡಿಕೇರಿಯ ಪ್ರೌಢಶಾಲೆಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಅವರು ಈ ಸೀಮೆಯವರಲ್ಲ. ಆದರೂ ಇಲ್ಲಿಯ ಬೆಟ್ಟ, ಹೊಳೆ, ಜನ, ಹಬ್ಬ ಇವುಗಳನ್ನು ಮನಸ್ಸಿಟ್ಟು ನೋಡಿ ಬರೆದ ಹುತ್ತರಿ ಹಾಡು ಎಂಬ ಪದ್ಯವು ಇಂದಿಗೂ ಕೊಡಗಿನಲ್ಲಿ ಪ್ರಿಯವಾಗಿದೆ. ಕಾಗೆ, ಹಾವು, ಗಾಳಿ ಮೊದಲಾದ ದಿನಬಳಕೆಯ ಸಂಗತಿಗಳನ್ನೇ ಅವರು ಮಕ್ಕಳ ಪದ್ಯಕಥೆಗಳಿಗೆ ಎತ್ತಿಕೊಂಡರು. ಉಪಾಧ್ಯಾಯನು ತಾನು ಕಂಡು ಸಂತೋಷಪಡದೆ ಇದ್ದದ್ದನ್ನು ಹುಡುಗರಿಗೆ ತೋರಿಸಲಾರನು.

4. ಮೂರು ಪ್ರಶ್ನೆಗಳು

ಅಮೇರಿಕದಲ್ಲಿ ಜೆಫ್ರಿ ಫ್ರೋ ಎಂಬವರೂ ಅವರ ಜೊತೆಗಾರರೂ ಎಂಟರಿಂದ ಹನ್ನೊಂದು ವರುಷದ ಮಕ್ಕಳಿಗೆ ಕೃತಜ್ಞತೆಯ ಪಾಠಗಳನ್ನು ಕೊಟ್ಟು, ಅದರ ಫಲವನ್ನು 2014ರಲ್ಲಿ ಪ್ರಕಟಿಸಿದರು. “ಉಪಕಾರವನ್ನು ನೆನೆಯಿರಿ” ಎಂದು ಅವರು ಬರೀ ಅಪ್ಪಣೆ ಕೊಡಲಿಲ್ಲ. ಒಬ್ಬನು ಇನ್ನೊಬ್ಬನಿಗೆ ಒಳ್ಳೇದನ್ನು ಮಾಡಿದಾಗ ಮೂರು ಸಂಗತಿಗಳನ್ನು ವಿಚಾರಿಸಲಿಕ್ಕೆ ಕಲಿಸಿದರು: ಇದರಿಂದ ನನಗಾದ ಪ್ರಯೋಜನವೇನು? ಮಾಡಿದವನಿಗೆ ಆದ ಶ್ರಮ ಅಥವಾ ನಷ್ಟವೇನು? ಅವನು ಇದನ್ನು ಬೇಕೆಂದು ನನ್ನ ಹಿತಕ್ಕಾಗಿ ಮಾಡಿದನೋ? ಹೀಗೆ ಕಲಿತ ಮಕ್ಕಳಲ್ಲಿ ಕೃತಜ್ಞತೆಯು ಹೆಚ್ಚಿದ್ದು ಕಂಡುಬಂತು. ಈ ಕ್ರಮವನ್ನು ನಮ್ಮ ಶಾಲೆಯಲ್ಲಿ ಹ್ಯಾಗೆ ನಡಿಸಬಹುದೆಂಬದಕ್ಕೆ ಒಂದು ಮಾದರಿಯನ್ನು ಇಲ್ಲಿ ಕೊಡುತ್ತೇವೆ. 2013ರ ಆಗಸ್ಟ್ 1ರಂದು ಕರ್ನಾಟಕದಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲನ್ನೇ ತೆಗೆದುಕೊಳ್ಳೋಣ.

ಉಪಾಧ್ಯಾಯ: ಈ ಹೊತ್ತು ಶಾಲೆಯಲ್ಲಿ ಏನು ಕುಡಿದಿರಿ?

ಹುಡುಗರು: ಹಾಲು, ಸಾರ್.

ಉಪಾಧ್ಯಾಯ: ಅದರಿಂದ ನಿಮಗಾದ ಪ್ರಯೋಜನವೇನು?

ಒಬ್ಬ ಹುಡುಗಿ: ನಾನು ಮನೆಯಲ್ಲಿ ಏನೂ ತಿನ್ನದೆ ಬಂದಿದ್ದೆ. ಹಾಲು ಕುಡಿದ ಮೇಲೆ ತಲೆ ತಿರುಗುವದು ನಿಂತಿತು.

ಉಪಾಧ್ಯಾಯ: ಒಳ್ಳೇದು. ಆ ಲೋಟ ನಿಮ್ಮ ಕೈಗೆ ಬರುವದಕ್ಕೆ ಯಾರು ಯಾರು ಶ್ರಮಪಟ್ಟರು?

ಹುಡುಗರು: ಅಡುಗೆಯ ಅಕ್ಕ. ನೀರು ಕಾಸಿ, ಹಾಲಿನ ಪುಡಿಯನ್ನು ಕದಡಿ ಕೊಟ್ಟರು.

ಉಪಾಧ್ಯಾಯ: ಅವರು ಎಷ್ಟು ಹೊತ್ತಿಗೆ ಮನೆ ಬಿಟ್ಟರು? ಅವರ ಮಕ್ಕಳಿಗೆ ಬೆಳಿಗ್ಗೆ ಉಣಬಡಿಸಿದವರು ಯಾರು?

ಹುಡುಗರು: ನಮಗೆ ಗೊತ್ತಿಲ್ಲ, ಸಾರ್.

ಉಪಾಧ್ಯಾಯ: ನಾಳೆ ಮರ್ಯಾದೆಯಿಂದ ಕೇಳಿ ತಿಳುಕೊಂಡು ಬನ್ನಿರಿ. ಒಳ್ಳೇದು, ಆ ಪುಡಿ ಎಲ್ಲಿಂದ ಬಂತು?

ಒಬ್ಬ ಹುಡುಗ: ಹಾಲಿನ ಡೈರಿಯಿಂದ.

ಉಪಾಧ್ಯಾಯ: ಡೈರಿಗೆ?

ಹುಡುಗ: ಹಸು ಸಾಕುವವರ ಮನೆಗಳಿಂದ. ಅವರು ಕತ್ತಲಿರುವಾಗಲೇ ಎದ್ದು ಕರೆಯುತ್ತಾರೆ.

ಉಪಾಧ್ಯಾಯ: ಇದಕ್ಕೆಲ್ಲಾ ಹಣ ಕೊಟ್ಟವರು?

ಹುಡುಗರು: ಸರಕಾರದವರು.

ಉಪಾಧ್ಯಾಯ: ಸರಕಾರಕ್ಕೆ ಹಣ ಎಲ್ಲಿಯದು? ನಿಮ್ಮ ತಂದೆ ಅಂಗಡಿಯಲ್ಲಿ ಸಾಬೂನು ಕೊಂಡರೂ ಅದರ ಬೆಲೆಯಲ್ಲಿ ತೆರಿಗೆ ಇದೆ. ಆದದರಿಂದ ಕೊಟ್ಟವರಲ್ಲಿ ನಿಮ್ಮ ಮನೆಯವರೂ ಇದ್ದಾರೆ.

ಈ ಪಾಠದಲ್ಲಿ ಉಪಾಧ್ಯಾಯನು ಎಲ್ಲಿಯೂ “ನೀವು ಕೃತಜ್ಞರಾಗಿರಬೇಕು” ಎಂದು ಹೇಳಲಿಲ್ಲವೆಂಬದನ್ನು ಗಮನಿಸಿರಿ. “ಕೇಳಿ ತಿಳುಕೊಂಡು ಬನ್ನಿರಿ” ಎಂದದ್ದೇ ಪಾಠದ ಮುಖ್ಯ ಭಾಗ. ಮಾರನೆಯ ದಿನ ಆ ಮಕ್ಕಳು ಅಡುಗೆಯವಳ ಹೆಸರನ್ನೂ ಅವಳ ಊರನ್ನೂ ಬಲ್ಲವರಾಗಿ ಬರುವರು. ಬಲ್ಲವರಾದ ಮೇಲೆ ಲೋಟವನ್ನು ಎಸೆಯದೆ ತೊಳೆದಿಡುವದು ತಾನಾಗಿ ಬರುತ್ತದೆ.

5. ಸವಿಯುವ ಅಭ್ಯಾಸ

ಉಪಕಾರ ಮಾಡಿದವನನ್ನು ಅರಿಯುವದು ಒಂದು. ಉಪಕಾರವಾಗಿ ಬಂದ ವಸ್ತುವನ್ನು ಅರಿಯುವದು ಇನ್ನೊಂದು. ಹಸುವು ಗುಡ್ಡದಲ್ಲಿ ಅವಸರದಿಂದ ಮೇಯುತ್ತದೆ. ಆಮೇಲೆ ನೆರಳಿನಲ್ಲಿ ಮಲಗಿ, ನುಂಗಿದ್ದನ್ನು ತಿರಿಗಿ ಬಾಯಿಗೆ ತಂದು ಮೆಲುಕು ಹಾಕುತ್ತದೆ. ಮೆಲುಕು ಹಾಕದಿದ್ದರೆ ಮೇದದ್ದು ಮೈಗೆ ಹತ್ತುವದಿಲ್ಲ. ನಮ್ಮ ಸಂತೋಷಗಳ ಸಂಗತಿಯೂ ಹಾಗೆಯೇ. ಹಬ್ಬದೂಟವನ್ನು ಮೊಬೈಲು ನೋಡುತ್ತಾ ನುಂಗಿದವನಿಗೆ ಹೊಟ್ಟೆ ತುಂಬಿದರೂ ಸವಿ ದಕ್ಕುವದಿಲ್ಲ.

ಫ್ರೆಡ್ ಬ್ರಯಂಟ್, ಜೋಸೆಫ್ ವೆರಾಫ್ ಎಂಬ ಇಬ್ಬರು ಪಂಡಿತರು 2007ರಲ್ಲಿ ಸವಿಯುವಿಕೆಯನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದರು. ಒಳ್ಳೇದನ್ನು ಮೂರು ವೇಳೆಗಳಲ್ಲಿ ಸವಿಯಬಹುದೆಂದು ಅವರ ಉಪದೇಶ: ಬರುವ ಮುಂಚೆ ಎದುರುನೋಡುವದರಲ್ಲಿ, ಬಂದಾಗ ಮನಸ್ಸಿಟ್ಟು ಅನುಭವಿಸುವದರಲ್ಲಿ, ಹೋದ ಮೇಲೆ ನೆನೆಯುವದರಲ್ಲಿ. ಹುತ್ತರಿಯನ್ನು ಕಂಡವರಿಗೆ ಇದು ಹೊಸದಲ್ಲ. ದಿನವೆಣಿಸುವದೂ, ಆ ರಾತ್ರಿಯ ಸಂಭ್ರಮವೂ, ಬಾಗಿಲಿನ ಮೇಲೆ ಬಹುದಿನ ಉಳಿಯುವ ಒಣಗಿದ ಕದಿರೂ ಆ ಮೂರು ವೇಳೆಗಳೇ.

ಶಾಲೆಯಲ್ಲಿ ಇದನ್ನು ಒಂದು ಕಿತ್ತಳೆಯಿಂದ ಕಲಿಸಬಹುದು. ಕೊಡಗಿನ ಕಿತ್ತಳೆಯ ಸಿಪ್ಪೆಯು ಸಡಿಲವಾದದ್ದು. ಹುಳಿಯೂ ಸಿಹಿಯೂ ಕೂಡಿದ ರುಚಿ ಅದಕ್ಕುಂಟು. ಹಿಂದೆ ಕಾಫಿತೋಟಗಳಲ್ಲಿ ಈ ಮರಗಳು ಬಹಳವಾಗಿದ್ದವು. ರೋಗ ತಗಲಿ ಈಗ ಕಡಿಮೆಯಾಗಿವೆ. ಒಂದು ಹಣ್ಣನ್ನು ತಂದು ತೊಳೆಗಳನ್ನು ಹಂಚಿರಿ. ಮೊದಲು ಸಿಪ್ಪೆಯನ್ನು ಹಿಂಡಿ ಅದರ ವಾಸನೆಯನ್ನು ನೋಡಲಿ. ಆಮೇಲೆ ತೊಳೆಯನ್ನು ಬೆಳಕಿಗೆ ಹಿಡಿದು ಒಳಗಿನ ರಸದ ಚೀಲಗಳನ್ನು ನೋಡಲಿ. ಆಮೇಲೆ ಬಾಯಲ್ಲಿಟ್ಟು, ಮಾತಾಡದೆ, ಮೆಲ್ಲಗೆ ತಿನ್ನಲಿ. ಅನಂತರ ಒಬ್ಬೊಬ್ಬರು ತಾವು ಕಂಡದ್ದನ್ನು ಹೇಳಲಿ. ನಾಲ್ಕು ಹಣ್ಣುಗಳನ್ನು ಅವಸರದಿಂದ ತಿಂದದ್ದಕ್ಕಿಂತ ಹೆಚ್ಚು ಸಂತೋಷವು ಒಂದು ತೊಳೆಯಲ್ಲಿ ಸಿಕ್ಕಿತೆಂದು ಅವರೇ ಹೇಳುವರು.

ಸವಿಯನ್ನು ಕೆಡಿಸುವಂಥದೂ ಒಂದುಂಟು. “ಅವನ ತೊಳೆ ನನ್ನದಕ್ಕಿಂತ ದೊಡ್ಡದು” ಎಂದು ಹೋಲಿಸುವವನ ಬಾಯಲ್ಲಿರುವ ಸಿಹಿಯು ಆಗಲೇ ಹುಳಿಯಾಗುತ್ತದೆ. ಇದಕ್ಕೆ ಔಷಧವು ಹಂಚಿ ತಿನ್ನುವದು.

6. ಪರೀಕ್ಷೆಗಳಿಂದ ತಿಳಿದದ್ದು

ಇದರಿಂದ ಫಲವುಂಟೋ ಎಂದು ಕೇಳುವವರಿಗೆ ಕೆಲವು ಸಂಗತಿಗಳನ್ನು ಹೇಳಬಹುದು. 2003ರಲ್ಲಿ ರಾಬರ್ಟ್ ಎಮನ್ಸ್, ಮೈಕಲ್ ಮೆಕಲೊ ಎಂಬವರು ಪ್ರಕಟಿಸಿದ ಪರೀಕ್ಷೆಯಲ್ಲಿ, ಹತ್ತು ವಾರಗಳ ವರೆಗೆ ವಾರಕ್ಕೊಮ್ಮೆ ಉಪಕಾರಗಳನ್ನು ಬರೆದ ವಿದ್ಯಾರ್ಥಿಗಳು, ಕಿರುಕುಳಗಳನ್ನು ಬರೆದವರಿಗಿಂತ ತಮ್ಮ ಜೀವನದ ವಿಷಯದಲ್ಲಿ ಹೆಚ್ಚು ತೃಪ್ತರಾಗಿದ್ದರು. 2008ರಲ್ಲಿ ಫ್ರೋ ಮತ್ತು ಅವರ ಜೊತೆಗಾರರು 11 ತರಗತಿಗಳ 221 ಮಕ್ಕಳಲ್ಲಿ ಎರಡು ವಾರ ಇದೇ ತರದ ಅಭ್ಯಾಸವನ್ನು ನಡಿಸಿದರು. ಉಪಕಾರವನ್ನು ಬರೆದ ಮಕ್ಕಳಲ್ಲಿ ಶಾಲೆಯ ಮೇಲಿನ ತೃಪ್ತಿಯು ಹೆಚ್ಚಿದ್ದು ವಿಶೇಷವಾಗಿ ಕಂಡುಬಂತು.

ಆದರೆ ಎರಡು ಮಾತುಗಳನ್ನು ಸೇರಿಸಬೇಕು. ಸೋನ್ಯಾ ಲ್ಯುಬೊಮಿರ್ಸ್ಕಿ ಎಂಬ ಪಂಡಿತೆಯ ಪರೀಕ್ಷೆಯಲ್ಲಿ ವಾರಕ್ಕೆ ಒಂದು ಸಾರಿ ಬರೆದವರಿಗೆ ಫಲವಾಯಿತು, ಮೂರು ಸಾರಿ ಬರೆದವರಿಗೆ ಆಗಲಿಲ್ಲ. ಬಾಯಿಪಾಠವಾದರೆ ಅರಿವು ಹೋಗುತ್ತದೆ. ಮತ್ತು ಇಂಥಾ ಅನೇಕ ಪರೀಕ್ಷೆಗಳನ್ನು ಕೂಡಿಸಿ ತೂಗಿದವರು, ಫಲವು ಉಂಟಾದರೂ ಮಿತವಾದದ್ದೆಂದು ಹೇಳಿದ್ದಾರೆ. ಆದದರಿಂದ ಯಾರೂ ಇದನ್ನು ಎಲ್ಲಾ ದುಃಖಗಳಿಗೂ ಮದ್ದೆಂದು ಸಾರಬಾರದು.

7. ಕೃತಜ್ಞತೆ ಬೇರೆ, ಋಣ ಬೇರೆ

ಈಗ ಮುಖ್ಯವಾದ ಎಚ್ಚರಿಕೆಗೆ ಬರೋಣ. “ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ” ಎಂಬ ಗಾದೆಯು ನಮ್ಮಲ್ಲಿ ಉಂಟು. ಅದು ಒಳ್ಳೇ ಗಾದೆಯೇ. ಆದರೆ ಇದೇ ಉಪ್ಪಿನ ಮಾತನ್ನು ಎತ್ತಿ ಬಡವನ ಬಾಯಿಯನ್ನು ಮುಚ್ಚಿಸಿದ್ದೂ ಉಂಟು. “ನಿನ್ನ ಅಜ್ಜನಿಗೆ ಮನೆ ಕೊಟ್ಟದ್ದು ನಾವು; ನಿನ್ನ ಮದುವೆಗೆ ಹಣ ಕೊಟ್ಟದ್ದು ನಾವು; ಈಗ ಕೂಲಿಯ ಲೆಕ್ಕ ಕೇಳುತ್ತೀಯಾ?” ಎಂಬ ಮಾತಿನಿಂದ ಎಷ್ಟು ಕುಟುಂಬಗಳು ತಲೆತಲಾಂತರಕ್ಕೆ ಜೀತದಲ್ಲಿ ಬಿದ್ದವು! ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಹೆರ್ಮನ್ ಮೊಗ್ಲಿಂಗ್ ಅಯ್ಯನವರು ಕೊಡಗಿನಲ್ಲಿ ಆನಂದಪುರವನ್ನು ನೆಲೆಮಾಡಿದಾಗ ಅಲ್ಲಿಗೆ ಬಂದವರು ಭೂಮಿಯ ಒಡೆಯರ ಕೈಕೆಳಗೆ ದುಡಿಯುತ್ತಿದ್ದ ದಲಿತ ಕುಟುಂಬಗಳವರೇ. ಜೀತವನ್ನು ನಿರ್ಮೂಲಮಾಡುವ ಕಾಯಿದೆಯು ಭಾರತದಲ್ಲಿ ಆದದ್ದು 1976ರಲ್ಲಿ. ಈ ಚರಿತ್ರೆಯುಳ್ಳ ಸೀಮೆಯಲ್ಲಿ ಲೈನ್ ಮನೆಯ ಮಗುವಿಗೆ ಕೃತಜ್ಞತೆಯನ್ನು ಕಲಿಸುವವರು ತಮ್ಮ ಮಾತನ್ನು ಬಹಳ ತೂಗಿ ಆಡಬೇಕು.

ಭೇದವೇನೆಂದರೆ: ಋಣವನ್ನು ಕೊಟ್ಟವನು ಲೆಕ್ಕದಲ್ಲಿಡುತ್ತಾನೆ, ಕೃತಜ್ಞತೆಯನ್ನು ಹೊಂದಿದವನು ಹೃದಯದಲ್ಲಿಡುತ್ತಾನೆ. ಋಣವನ್ನು ಕೇಳಿ ವಸೂಲು ಮಾಡಬಹುದು. ಕೃತಜ್ಞತೆಯನ್ನು ಕೇಳಿದ ಕೂಡಲೇ ಅದು ಸತ್ತುಹೋಗುತ್ತದೆ. ದುಡಿದವನ ಕೂಲಿಯು ಒಡೆಯನ ಉಪಕಾರವಲ್ಲ, ದುಡಿದವನ ಹಕ್ಕು. ಶಾಲೆಯ ಬಿಸಿಯೂಟವೂ ಭಿಕ್ಷೆಯಲ್ಲ. ಸರಕಾರದ ಶಾಲೆಗಳ ಮಕ್ಕಳಿಗೆ ಬೇಯಿಸಿದ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟು 2001ರ ನವೆಂಬರ್ 28ರಂದು ಆಜ್ಞಾಪಿಸಿತು. ಕರ್ನಾಟಕದಲ್ಲಿ ಅದು 2002ರಲ್ಲಿ ಈಶಾನ್ಯದ ಜಿಲ್ಲೆಗಳಲ್ಲಿ ಆರಂಭವಾಗಿ ಮರುವರುಷ ಇತರ ಜಿಲ್ಲೆಗಳಿಗೂ ಬಂತು. 2013ರ ಆಹಾರ ಭದ್ರತೆಯ ಕಾಯಿದೆಯು ಅದನ್ನು ಮಕ್ಕಳ ಹಕ್ಕೆಂದು ಸ್ಥಾಪಿಸಿತು. ಹಾಗಾದರೆ ಹಕ್ಕಿನ ಊಟಕ್ಕೆ ಕೃತಜ್ಞತೆ ಬೇಡವೋ? ಬೇಕು. ಹಕ್ಕು ಕಾಗದದಲ್ಲಿದೆ, ಅನ್ನವಾದರೋ ಯಾರಾದರೊಬ್ಬರು ಒಲೆ ಉರಿಸಿದ ಹೊರತು ಬೇಯುವದಿಲ್ಲ. ಊಟದಲ್ಲಿ ಹುಳ ಕಂಡರೆ ಧೈರ್ಯದಿಂದ ದೂರು ಹೇಳುವದೂ, ಒಳ್ಳೇ ಊಟ ಮಾಡಿಕೊಟ್ಟ ಅಡುಗೆಯವಳನ್ನು ಪ್ರೀತಿಯಿಂದ ಮಾತಾಡಿಸುವದೂ ಒಂದೇ ಮಗುವಿಗೆ ಸಾಧ್ಯ. ಎರಡನ್ನೂ ಕಲಿಸಬೇಕು. ಒಂದನ್ನು ಮಾತ್ರ ಕಲಿಸಿದರೆ ದಾಸನಾಗುವನು ಇಲ್ಲವೆ ಗರ್ವಿಷ್ಠನಾಗುವನು.

ಹತ್ತು ಮಂದಿ ಕುಷ್ಠರೋಗಿಗಳ ವೃತ್ತಾಂತವನ್ನು ವಾಚಕರು ಬಲ್ಲರು. ಹತ್ತು ಮಂದಿಯೂ ಶುದ್ಧರಾದರು. ಹಿಂದಿರುಗಿ ಬಂದವನು ಒಬ್ಬನೇ, ಅವನೂ ಪರದೇಶದವನು. ಉಳಿದ ಒಂಬತ್ತು ಮಂದಿ ಎಲ್ಲಿ ಎಂಬ ಪ್ರಶ್ನೆಯಲ್ಲಿ ನೋವು ಇದೆ. ಆದರೆ ಬಾರದ ಆ ಒಂಬತ್ತು ಮಂದಿಯ ರೋಗವು ತಿರಿಗಿ ಬಂತೆಂದು ಎಲ್ಲಿಯೂ ಬರೆದಿಲ್ಲ. ಕೊಟ್ಟದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಇದನ್ನು ತಂದೆತಾಯಿಗಳೂ ಉಪಾಧ್ಯಾಯರೂ ಚೆನ್ನಾಗಿ ಯೋಚಿಸಲಿ. “ನಿನಗಾಗಿ ನಾನು ಎಷ್ಟು ಕಷ್ಟಪಟ್ಟೆ” ಎಂದು ದಿನಾಲು ಮಗನಿಗೆ ಹೇಳುವ ತಂದೆಯು ತನ್ನ ಪ್ರೀತಿಯನ್ನು ಸಾಲದ ಪತ್ರವಾಗಿ ಮಾಡುತ್ತಾನೆ. ಮಗನು ಅದನ್ನು ತೀರಿಸಿ ಬಿಡುಗಡೆಯಾಗುವ ದಿನವನ್ನೇ ಕಾದಿರುವನು.

8. ದುಃಖದಲ್ಲಿರುವ ಮಗು

2018ರ ಆಗಸ್ಟ್ ತಿಂಗಳಲ್ಲಿ ಮಕ್ಕಂದೂರು, ಜೋಡುಪಾಲ ಮುಂತಾದ ಕಡೆಗಳಲ್ಲಿ ಗುಡ್ಡಗಳು ಜರಿದು ಮನೆಗಳೂ ತೋಟಗಳೂ ಮಣ್ಣಿನಲ್ಲಿ ಹೂತುಹೋದವು. ಅನೇಕ ಕುಟುಂಬಗಳು ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದವು. ದೂರ ದೂರದಿಂದ ಅಕ್ಕಿ, ಬಟ್ಟೆ, ಕಂಬಳಿಗಳು ಬಂದದ್ದು ನಿಜ. ಆದರೆ ಮನೆ ಕಳಕೊಂಡ ಮಗುವಿಗೆ, “ಪ್ರಾಣ ಉಳಿಯಿತಲ್ಲಾ, ಅದಕ್ಕಾಗಿ ಸಂತೋಷಪಡು” ಎಂದು ಹೇಳುವದು ಗಾಯದ ಮೇಲೆ ಉಪ್ಪು ಸವರಿದ ಹಾಗೆ. ಅಂಥಾ ಮಗುವನ್ನು ಮೊದಲು ಅಳಗೊಡಿಸಬೇಕು. ಅದು ಹೇಳುವದನ್ನು ಕೇಳಬೇಕು. ಅದರ ಪಕ್ಕದಲ್ಲಿ ಕೂತಿರಬೇಕು. ತನ್ನ ನಾಯಿ, ತನ್ನ ಪುಸ್ತಕದ ಚೀಲ, ಮನೆಯ ಮುಂದಿನ ಹಲಸಿನ ಮರ ಇವುಗಳನ್ನು ಅದು ನೆನೆದು ಅತ್ತರೆ ಅದೂ ಒಂದು ತರದ ಕೃತಜ್ಞತೆಯೇ. ಯಾಕಂದರೆ ಒಳ್ಳೇದೆಂದು ಅರಿತದ್ದಕ್ಕಾಗಿಯೇ ಮನುಷ್ಯನು ಅಳುತ್ತಾನೆ. ಕಾಲ ಬಂದಾಗ ಮಗುವೇ, “ಆ ರಾತ್ರಿ ನನ್ನನ್ನು ಎತ್ತಿಕೊಂಡು ಗುಡ್ಡ ಇಳಿದವನು ಇಂಥವನು” ಎಂದು ಹೇಳಲಿಕ್ಕೆ ತೊಡಗುವದು. ಅದು ವರೆಗೂ ಕಾಯುವದು ನಮ್ಮ ಕೆಲಸ.

9. ನಾಲ್ಕು ವಾರಗಳ ಅಭ್ಯಾಸ

ಮೊದಲನೆಯ ವಾರ: ಶನಿವಾರ ಸಂಜೆ ಮನೆಯವರೆಲ್ಲಾ ಕೂತು, ಆ ವಾರದಲ್ಲಿ ಕಂಡ ಮೂರು ಒಳ್ಳೇ ಸಂಗತಿಗಳನ್ನು ಒಬ್ಬೊಬ್ಬರು ಹೇಳಲಿ. “ಎಲ್ಲಾ ಚೆನ್ನಾಗಿತ್ತು” ಎಂಬ ಮಾತು ಸಾಲದು. “ಬುಧವಾರ ಮಳೆ ಬಂದಾಗ ಪಕ್ಕದ ಮನೆಯ ಅಕ್ಕ ನಮ್ಮ ಒಣಗಿದ ಬಟ್ಟೆಗಳನ್ನು ಎತ್ತಿಟ್ಟಳು” ಎಂಬಂತೆ ಹೇಳಬೇಕು. ದೊಡ್ಡವರು ಮೊದಲು ಹೇಳಲಿ.

ಎರಡನೆಯ ವಾರ: ಮನೆಯ ಒಂದು ವಸ್ತುವನ್ನು ತೆಗೆದುಕೊಂಡು, ಅದು ಯಾರ ಯಾರ ಕೈಯಿಂದ ಬಂತೆಂದು ಹಿಂದಕ್ಕೆ ಹುಡುಕುತ್ತಾ ಹೋಗಲಿ. ಕಾಫಿಯ ಲೋಟವಾದರೆ, ರೊಬಸ್ಟಾ ಗಿಡದ ಹೂವು ಇನ್ನೊಂದು ಗಿಡದ ಪರಾಗವಿಲ್ಲದೆ ಕಾಯಿಕಟ್ಟುವದಿಲ್ಲವೆಂಬದನ್ನೂ, ಆ ಪರಾಗವನ್ನು ತರುವದರಲ್ಲಿ ಗಾಳಿಗೂ ಜೇನ್ನೊಣಕ್ಕೂ ಪಾಲುಂಟೆಂಬದನ್ನೂ ಹೇಳಿಕೊಡಿರಿ.

ಮೂರನೆಯ ವಾರ: ಒಂದು ಊಟವನ್ನು, ಒಂದು ಹಣ್ಣನ್ನು, ಇಲ್ಲವೆ ಒಂದು ಸಂಜೆಯ ಆಕಾಶವನ್ನು ಮೇಲೆ ಹೇಳಿದ ಪ್ರಕಾರ ಸವಿಯಲಿ, ಕಂಡದ್ದನ್ನು ಜೊತೆಯವನಿಗೆ ಹೇಳಲಿ.

ನಾಲ್ಕನೆಯ ವಾರ: ತನಗೆ ಒಳ್ಳೇದನ್ನು ಮಾಡಿ, ಇದು ವರೆಗೆ ಒಂದು ಮಾತನ್ನೂ ಕೇಳದ ಒಬ್ಬರನ್ನು ಆರಿಸಿಕೊಂಡು, ಅವರು ಏನು ಮಾಡಿದರು, ಅದರಿಂದ ತನಗೆ ಏನಾಯಿತು ಎಂದು ಹತ್ತು ಸಾಲುಗಳ ಕಾಗದ ಬರೆದು, ತಾನೇ ಹೋಗಿ ಓದಿ ಹೇಳಲಿ. ಬರೆಯಲಿಕ್ಕೆ ಬಾರದ ಹಿರಿಯರು ಬಾಯಲ್ಲಿ ಹೇಳಲಿ. ಯಾರ ಬಳಿಗೆ ಹೋಗಬೇಕೆಂಬದನ್ನು ಹುಡುಗನೇ ಆರಿಸಲಿ. ಉಪಾಧ್ಯಾಯನು ತನ್ನ ಹೆಸರನ್ನು ಸೂಚಿಸದಿರಲಿ.

ವಿಚಾರಿಸಬೇಕಾದ ಪ್ರಶ್ನೆಗಳು

1. ಕೃತಜ್ಞ ಎಂಬ ಮಾತಿನ ಎರಡು ಭಾಗಗಳ ಅರ್ಥವೇನು?

2. ನಾವು ಉಪಕಾರವನ್ನು ಮರೆಯುವದಕ್ಕೆ ಹೇಳಿದ ಮೂರು ಕಾರಣಗಳು ಯಾವವು? ನಿಮ್ಮ ಮನೆಯಿಂದ ಒಂದೊಂದಕ್ಕೆ ಉದಾಹರಣೆ ಕೊಡಿರಿ.

3. ನಮ್ಮ ಸೀಮೆಯ ಹಬ್ಬದ ದಿನಗಳಲ್ಲಿ ಕಂಡುಬರುವ ಕಲಿಸುವ ಕ್ರಮದ ಮೂರು ಅಂಗಗಳು ಯಾವವು?

4. ಕೂಲಿಯನ್ನು ಕೊಟ್ಟ ಒಡೆಯನಿಗೆ ಕೆಲಸದವನು ಯಾವದನ್ನು ಸಲ್ಲಿಸಬೇಕು, ಯಾವದನ್ನು ಸಲ್ಲಿಸಬೇಕಾಗಿಲ್ಲ?

5. ನಿಮ್ಮ ಶಾಲೆಯ ಅಡುಗೆಯವರ ಹೆಸರೇನು? ಅವರು ಬೆಳಿಗ್ಗೆ ಎಷ್ಟು ಹೊತ್ತಿಗೆ ಮನೆ ಬಿಡುತ್ತಾರೆ?

ಐದನೆಯ ಪ್ರಶ್ನೆಗೆ ಉತ್ತರ ತಿಳಿಯದವರು ಮಿಕ್ಕ ನಾಲ್ಕಕ್ಕೆ ಸರಿಯಾಗಿ ಉತ್ತರ ಕೊಟ್ಟಿದ್ದರೂ ಸೋಮವಾರ ಹೋಗಿ ಕೇಳಿಕೊಂಡು ಬರತಕ್ಕದ್ದು.